ಟೇಲರಪ್ಪ ಬೆಕ್ಕನ್ನು ಗಡೀಪಾರು ಮಾಡಿದ್ದು

“ಈ ಮನೇಲಿ ಇನ್ಮೇಲೆ ಒಂದೋ ಚಿಗಟ ಇರ್ಬೇಕು, ಇಲ್ಲಾ ನಾನಿರ್ಬೇಕು!”

ಕೊರಳಲ್ಲಿ ಅಳತೆಯ ಟೇಪು ಧರಿಸಿ, ದಂಡೆತ್ತಿ ಹೊರಟ ಸೇನಾಪತಿಯಂತೆ ಟೇಲರಪ್ಪ ಗರ್ಜಿಸಿದ. ಹೆಂಡತಿ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಬೆಕ್ಕಿನ ಕಿವಿ ಕೆರೆಯುವುದರಲ್ಲಿ ಮುಳುಗಿದ್ದಳು.

ನಿಜ ಹೇಳಬೇಕೆಂದರೆ ಅವನ ಹಗೆ ಚಿಗಟದ ಮೇಲಲ್ಲ, ಬೆಕ್ಕಿನ ಮೇಲೆ. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ‘ಬಂಗಾರ’ ಎಂದರೆ ಟೇಲರಪ್ಪ. ಬೆಕ್ಕು ಬಂದ ಮೇಲೆ ಆ ಬಿರುದು ನಾಲ್ಕು ಕಾಲಿನವನ ಪಾಲಾಯಿತು. ಹಾಲಿನ ಕೆನೆ ಅದಕ್ಕೆ, ನೀರು ಹಾಲು ಇವನಿಗೆ. ಮಂಚದಲ್ಲಿ ಹೆಂಡತಿಯ ಪಕ್ಕ ಅದಕ್ಕೆ, ಗೋಡೆಯ ಪಕ್ಕ ಇವನಿಗೆ. ಸಂಜೆ ಬಾಗಿಲು ತೆರೆದರೆ “ಬಂದ್ಯಾ ಕಂದಾ, ದಣಿದ್ಯಾ?” ಎಂಬ ಜೇನಿನ ದನಿ. ಇವನು ಕರಗಿ “ಹೂಂ ಕಣೇ” ಅನ್ನುವಷ್ಟರಲ್ಲಿ ಇವನ ಕಾಲ ಸಂದಿಯಿಂದ ಬೆಕ್ಕು ಒಳಕ್ಕೆ ನುಗ್ಗುತ್ತಿತ್ತು! ಇಂಥವನಿಗೆ ಬೆಕ್ಕಿನ ಮೈಯಲ್ಲಿ ಚಿಗಟ ಕಂಡರೆ ನಿಧಿ ಸಿಕ್ಕಂತಾಗದೆ ಇರುತ್ತದೆಯೇ?

“ಬೆಕ್ಕು ಹೋದ್ರೆ ಚಿಗಟಾನೂ ಹೋಗತ್ತೆ. ನಿನ್ ತಂಗಿ ಮನೆಗೆ ಕಳಿಸೋಣ,” ಎಂದ, ಆದಷ್ಟು ದುಃಖದ ಮುಖ ಮಾಡಿ.

“ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನ್ರೀ?”

“ಮೂಗು ನಿಂದು. ಕಚ್ಚಿಸ್ಕೊಳ್ಳೋ ಕಾಲು ನಂದು!”

ಬೆಕ್ಕು ಬುಟ್ಟಿಯೇರಿ, ಟೇಲರಪ್ಪನ ಹೊಲಿಗೆ ಅಂಗಡಿಯ ಎದುರಿಗಿದ್ದ ನಾದಿನಿಯ ಮನೆ ಸೇರಿತು. ಟೇಲರಪ್ಪ ಶಿಳ್ಳೆ ಹಾಕುತ್ತ ಮಂಚದಲ್ಲಿ ತನ್ನ ಹಳೆಯ ಜಾಗಕ್ಕೆ ಮರಳಿದ.

ಆದರೆ ಚಿಗಟಕ್ಕೂ ಹೊಟ್ಟೆ ಇದೆಯಲ್ಲ! ಜಮಖಾನೆಯಲ್ಲಿ, ಮಂಚದ ಸಂದಿಯಲ್ಲಿ ಉಳಿದವು ಹೊರಬಂದು ನೋಡಿದವು. ಹಳೆಯ ಊಟದ ಮನೆಗೆ ಬೀಗ. ಹೊಸದೊಂದು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದೆ; ಕೂದಲು ಕಡಿಮೆ, ಆದರೆ ಬಲು ವಿಶಾಲ!

ಬೆಳಗಾದಾಗ ಟೇಲರಪ್ಪನ ಮೈತುಂಬ ಕೆಂಪು ಚುಕ್ಕಿಗಳ ಕಸೂತಿ. ಹೆಂಡತಿ ತನ್ನ ಮೊಣಕೈಯ ಒಂದೇ ಒಂದು ಗುಳ್ಳೆ ನೋಡಿಕೊಂಡು ದಿಂಬು ಎತ್ತಿಕೊಂಡಳು.

“ಎಲ್ಲಿಗೇ?”

“ತಂಗಿ ಮನೆಗೆ. ಚಿಗಟ ಹೋದ್ಮೇಲೆ ಹೇಳಿ ಕಳಿಸಿ.”

ಈಗ ಹೆಂಡತಿಯೂ ಅಲ್ಲಿ, ಬೆಕ್ಕೂ ಅಲ್ಲಿ! ಅಂಗಡಿಯಲ್ಲಿ ಕುಳಿತರೆ ಎದುರಿನ ಕಿಟಕಿ ಕಾಣುತ್ತದೆ. ಕಿಟಕಿಯಲ್ಲಿ ಅವಳ ತೊಡೆಯ ಮೇಲೆ ಬೆಕ್ಕು. ಅವಳು ಬಾಚುತ್ತಿದ್ದಾಳೆ, ಅದು ಕಣ್ಣು ಮುಚ್ಚಿ ಸುಖಿಸುತ್ತಿದೆ. ಆ ಉರಿಯಲ್ಲಿ ಟೇಲರಪ್ಪ ತೋಳಿಗೆ ಹೊಲಿಯಬೇಕಾದ್ದನ್ನು ಜೇಬಿಗೆ ಹೊಲಿದ. ಅಷ್ಟರಲ್ಲಿ ಕೋಟು ಹಾಕಿ ನೋಡುತ್ತಿದ್ದ ಬ್ಯಾಂಕ್ ಮ್ಯಾನೇಜರ್ ಒಮ್ಮೆ ನೆಗೆದರು, ಇನ್ನೊಮ್ಮೆ ಕುಣಿದರು.

“ಟೇಲರೇ, ಈ ಕೋಟೊಳಗೆ ನಾನೊಬ್ನೇ ಇದೀನಾ?”

ಟೇಲರಪ್ಪ ಅಂಗಡಿಗೆ ಬಾಗಿಲೆಳೆದು ಪ್ರಾಣಿಗಳ ಡಾಕ್ಟರಮ್ಮನ ಬಳಿಗೆ ಓಡಿದ.

“ಬೆಕ್ಕನ್ನ ಓಡಿಸಿ, ಹಸಿದ ಚಿಗಟಾನ ಮನೇಲಿಟ್ಕೊಂಡ್ರಾ?” ಆಕೆ ನಗು ತಡೆಯಲಾರದೆ ಕೇಳಿದರು. “ನಿಮ್ಮ ನಾದಿನಿ ಆಗ್ಲೇ ಬೆಕ್ಕನ್ನ ತಂದಿದ್ರು. ಕತ್ತಿಗೆ ಔಷಧಿ ಹಾಕಿದೀನಿ. ಈಗ ಅದರ ಮೈಮೇಲೆ ಹಾರಿದ ಚಿಗಟ ಉಳಿಯಲ್ಲ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ, ಮೂಲೆಮೂಲೆ ಗುಡಿಸಿ. ಆಮೇಲೆ ಬೆಕ್ಕನ್ನ ಕರ್ಕೊಂಡ್ಬಂದು ಮನೆಯೆಲ್ಲಾ ಓಡಾಡೋಕೆ ಬಿಡಿ.”

“ಮಂಚದ ಮೇಲೂನಾ?” ಟೇಲರಪ್ಪ ಅಂಗಲಾಚಿದ.

“ಮಂಚದ ಮೇಲೆ ಮೊದಲು!”

ಒಗೆದ, ಗುಡಿಸಿದ, ಉಜ್ಜಿದ. ಬಳಿಕ ನಾದಿನಿಯ ಮನೆಯ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ. ಬೆಕ್ಕು ಬೆನ್ನು ತಿರುಗಿಸಿ ಕುಳಿತಿತು.

“ಸ್ವಲ್ಪ ಮರ್ಯಾದೆಯಿಂದ ಕರೀರಿ ಭಾವ. ಮನಸ್ಸಿಗೆ ಬೇಜಾರಾಗಿದೆ ಅದಕ್ಕೆ,” ಅಂದಳು ನಾದಿನಿ.

“ಬಾರಪ್ಪಾ, ತಪ್ಪಾಯ್ತು. ನೀನು ಬರ್ದಿದ್ರೆ ಇವಳೂ ಬರಲ್ಲ,” ಎಂದು ಟೇಲರಪ್ಪ ನೆಲಕ್ಕೆ ಮಂಡಿಯೂರಿದ.

ಬೆಕ್ಕು ಬಂದಿತು, ಹೆಂಡತಿಯೂ ಬಂದಳು. ಸಂಜೆಯೇ ಬೆಕ್ಕು ಒಗೆದ ಹಾಸಿಗೆಯ ನಟ್ಟನಡುವೆ, ಟೇಲರಪ್ಪನ ದಿಂಬಿಗೆ ತಲೆಯಿಟ್ಟು ಉದ್ದಕ್ಕೆ ಚಾಚಿಕೊಂಡಿತು. ದಿನವಿಡೀ ಬಟ್ಟೆ ಹಿಂಡಿ ಸೊಂಟ ಮುರಿದುಕೊಂಡಿದ್ದ ಅವನು ಒಂದೇ ಬೆರಳಿನಿಂದ ಅದನ್ನು ಮೆಲ್ಲಗೆ ಅತ್ತ ಸರಿಸಲು ನೋಡಿದ.

ಹೆಂಡತಿ ಅವನ ಕೈಗೆ ಪಟ್ಟನೆ ಹೊಡೆದಳು.

“ಶ್! ಎಬ್ಬಿಸ್ಬೇಡಿ. ಔಷಧಿ ಮಲಗಿದೆ!”