ಮಾಸ್ಟ್ರ ಖಾಲಿ ಪುಟ

ಬೆಳಗ್ಗೆ ಆರೂವರೆಗೆ ಅಡುಗೆಕೋಣೆಯ ಗೋಡೆಯ ಫೋನು ಹೊಡೆದುಕೊಂಡಾಗಲೇ ಊಟದ ಮನೆಯ ಮುಖ್ಯ ಬಾಣಸಿಗ ಮಾಸ್ಟ್ರಿಗೆ ಗೊತ್ತಾಯಿತು, ಯಾರೋ ಸತ್ತಿದ್ದಾರೆ.

"ಮಾಸ್ಟ್ರೇ, ಅಜ್ಜಿ ಹೋಗ್ಬಿಟ್ರು..." ಅಳುತ್ತಿದ್ದವನು ತರಕಾರಿ ಹೆಚ್ಚುವವನು. ಎಲ್ಲರೂ ಅವನನ್ನು ಈರುಳ್ಳಿ ಎಂದೇ ಕರೆಯುತ್ತಿದ್ದರು. ಹೆಚ್ಚುವಾಗ ಒಂದು ಹನಿ ಕಣ್ಣೀರಿಲ್ಲ. ರಜೆ ಕೇಳುವಾಗ ಕೋಡಿ ಹರಿಯುತ್ತಿತ್ತು.

ಮಾಸ್ಟ್ರು ಅಕ್ಕಿ ಡಬ್ಬದ ಮೇಲಿದ್ದ ಉದ್ದನೆಯ ಪುಸ್ತಕ ತೆಗೆದು ಪುಟ ತಿರುವಿದರು. "ತಾಯಿ ಕಡೆ ಅಜ್ಜಿ ಹೋದ ವರ್ಷ ಹೋದ್ರು. ತಂದೆ ಕಡೆಯವರು ಮೂರು ತಿಂಗಳ ಹಿಂದೆ. ಇದು ಯಾವ ಅಜ್ಜಿನಪ್ಪಾ?"

ಅಳು ಗಕ್ಕನೆ ನಿಂತಿತು. "ಅಜ್ಜನ ಎರಡನೇ ಹೆಂಡ್ತಿ ಮಾಸ್ಟ್ರೇ. ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ."

"ಸತ್ತ ಮೇಲೆ ಅವರೇ ಬಂದು ಹೇಳಿದ್ರಾ?" ಎಂದು ಕೇಳಿ ಮಾಸ್ಟ್ರು ಫೋನಿಟ್ಟರು. ಪುಸ್ತಕದಲ್ಲಿ ಬರೆದುಕೊಂಡರು: ಅಜ್ಜಿ, ಮೂರನೆಯದು.

ಮಧ್ಯಾಹ್ನ ಇನ್ನೂರೈವತ್ತು ಜನ ಒಟ್ಟಿಗೆ ನುಗ್ಗುವ ಆ ಊಟದ ಮನೆಯ ಗೋಡೆಗೆ ಯಜಮಾನರು ಕೆಂಪು ಅಕ್ಷರದಲ್ಲಿ ಬರೆಸಿದ್ದರು: 'ಮನೆಯಲ್ಲಿ ಸಾವಾದರೆ ಮಾತ್ರ ರಜೆ.' ಜ್ವರಕ್ಕಿಲ್ಲ, ಹೆಂಡತಿಯ ಹೆರಿಗೆಗಿಲ್ಲ, ಸುಮ್ಮನೆ ಒಂದು ದಿನ ಕಾಲು ಚಾಚಿ ಮಲಗುವುದಕ್ಕಂತೂ ಇಲ್ಲವೇ ಇಲ್ಲ. ಬದುಕಿರುವವರಿಗಾಗಿ ಒಂದು ಗಂಟೆ ಬಿಡದ ಜಾಗದಲ್ಲಿ ಜನ ಇನ್ನೇನು ಮಾಡಿಯಾರು? ನೆಂಟರನ್ನು ಒಬ್ಬೊಬ್ಬರನ್ನೇ ಕೊಂದರು. ಒಂದೇ ಜೀವ ಎರಡು ಸಲ ಹೋಗದಂತೆ ಪಟ್ಟಿ ಇಡುವ ಕೆಲಸ ಮಾಸ್ಟ್ರ ತಲೆಗೆ ಬಿತ್ತು. ಪ್ರತಿಯೊಬ್ಬನಿಗೂ ಒಂದು ಪುಟ. ಹದಿನಾರು ವರ್ಷವಾದರೂ ಮಾಸ್ಟ್ರ ಪುಟ ಮಾತ್ರ ಖಾಲಿ.

ಇವತ್ತು ನಾಲ್ಕು ಗಂಟೆಗೆ ಮುಂಚೆ ಅವರು ಇಲ್ಲಿಂದ ಪಾರಾಗಬೇಕಿತ್ತು. ಪೇಟೆಯ ಆ ತುದಿಯಲ್ಲಿ ಹೊಸ ಅಡುಗೆಮನೆಯೊಂದು ಶುರುವಾಗುತ್ತಿದೆಯೆಂದು ತರಕಾರಿ ತರುವವನು ಕಿವಿಯಲ್ಲಿ ಹೇಳಿದ್ದ. "ಒಳ್ಳೊಳ್ಳೆ ಆಳುಗಳನ್ನ ವಿಚಾರಿಸಿ ವಿಚಾರಿಸಿ ಹಾಕ್ಕೊಳ್ತಿದ್ದಾರಂತೆ. ಮಾಸ್ಟರ್ ಒಬ್ಬರು ಬೇಕಂತೆ. ನಾಲ್ಕಕ್ಕೆ ಹೋಗ್ಲಿಲ್ಲ ಅಂದ್ರೆ ಐದಕ್ಕೆ ಇನ್ನೊಬ್ಬ ಬರ್ತಾನೆ." ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ನಿಲ್ಲುತ್ತಿದ್ದ ಮಾಸ್ಟ್ರಿಗೆ ಅದು ಕೊನೆಯ ಬಸ್ಸಿನಂತೆ ಕಂಡಿತ್ತು.

ಏಳಕ್ಕೆ ಮತ್ತೆ ಫೋನು. ಒಲೆಯವನ ಸೋದರಮಾವ ತೀರಿಕೊಂಡಿದ್ದ. ಆ ಒಲೆಯವನಿಗೆ ಆವಿ ಎಂದು ಹೆಸರು. ಇದ್ದಾನೆ ಎನ್ನುವಷ್ಟರಲ್ಲಿ ಇರುತ್ತಿರಲಿಲ್ಲ. ಬಡಿಸುವ ನಿಧಾನಪ್ಪನೇನೋ ಬಂದ. ಟೋಪಿ ಹಾಕಿಕೊಳ್ಳಲು ಕಾಲು ಗಂಟೆ ತೆಗೆದುಕೊಂಡ. ತೆಗೆಯಲು ಮಾತ್ರ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತೂ ಬೇಕಾಗಲಿಲ್ಲ. "ದೊಡ್ಡಪ್ಪ ಹೋದ್ರಂತೆ ಮಾಸ್ಟ್ರೇ," ಎಂದು ಹಿಂಬಾಗಿಲಿಂದ ಓಡಿಯೇ ಬಿಟ್ಟ. ಅವನು ಓಡಿದ್ದನ್ನು ಆ ಅಡುಗೆಮನೆ ಅದೇ ಮೊದಲು ಕಂಡದ್ದು.

ಉಳಿದವರು ಮಾಸ್ಟ್ರು ಮತ್ತು ಪಾತ್ರೆ ತೊಳೆಯುವ ಅಕ್ಕ.

"ಊರಲ್ಲೇನು ಕಾಲರಾ ಬಂದಿದ್ಯಾ ಮಾಸ್ಟ್ರೇ?" ಅಕ್ಕ ನೊರೆಗೈ ಸೊಂಟಕ್ಕಿಟ್ಟು ಕೇಳಿದಳು.

"ಬಂದಿರೋದು ನಂಗೆ ಕಣಮ್ಮ. ಆ ಸೊಪ್ಪು ತೊಳಿ."

ಒಂದು ಕೈ ಈರುಳ್ಳಿಗೆ, ಒಂದು ಕೈ ಸೂಪಿಗೆ. ಮೂರನೆಯ ಕೈ ಇಲ್ಲದ್ದರಿಂದ ಅನ್ನ ತಳ ಹಿಡಿಯಿತು. ಅದನ್ನು ಇಳಿಸಲು ಹೋದರೆ ಸೂಪು ಉಕ್ಕಿ ಒಲೆ ಆರಿತು. ಅಷ್ಟರಲ್ಲಿ ಯಜಮಾನರು ಬಾಗಿಲಿಂದ ತಲೆ ಹಾಕಿದರು. "ಏನ್ ಮಾಸ್ಟ್ರೇ, ಎಲ್ಲಾ ಇದ್ದಾರಾ?"

"ಇದ್ದಾರೆ ಸಾರ್. ಬೇರೆ ಬೇರೆ ಸ್ಮಶಾನದಲ್ಲಿ."

"ಹಾಗಾದ್ರೆ ಸರಿ. ನಿಯಮ ಪಾಲಿಸ್ತಿದ್ದಾರೆ," ಎಂದು ಯಜಮಾನರು ಹೊರಟುಹೋದರು.

ಹನ್ನೆರಡೂವರೆಗೆ, ಹೊರಗೆ ಇನ್ನೂರೈವತ್ತು ಚಮಚ ತಟ್ಟೆ ಬಾರಿಸುತ್ತಿದ್ದಾಗ, ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಯಾರೂ ಸತ್ತಿರಲಿಲ್ಲ. ಅವಸರದ ಗಂಡುದನಿ, ಎಲ್ಲಿಂದ ಎಂದು ಹೇಳಲಿಲ್ಲ. "ನಿಮ್ಮಲ್ಲಿಯ ಮೂವರು ನಮ್ಮಲ್ಲಿಗೆ ಕೆಲಸ ಕೇಳ್ಕೊಂಡು ಬಂದಿದ್ದಾರೆ. ಹೆಚ್ಚುವವನು, ಒಲೆಯವನು, ಬಡಿಸುವವನು. ಹೇಗೆ ಜನ?"

ಮಾಸ್ಟ್ರ ಬಾಯಿಗೆ ಬಂದದ್ದು ಒಂದು, ಅದನ್ನು ನುಂಗಿದ ಮೇಲೆ ಹೊಳೆದದ್ದು ಇನ್ನೊಂದು. ತಾನು ಹೋದರೂ ಸರಿ, ಅವರು ಹೋದರೂ ಸರಿ, ಬೇರೆಯಾದರೆ ಸಾಕು.

"ಚಿನ್ನದಂಥೋರು ಸಾರ್! ಹೊತ್ತು ಅಂದ್ರೆ ಹೊತ್ತು. ಅವರನ್ನ ನೋಡಿ ಗಡಿಯಾರ ಸರಿಮಾಡ್ಕೊಬಹುದು. ರಜೆ ಅನ್ನೋ ಮಾತೇ ಅವರ ಬಾಯಲ್ಲಿ ಬರೋದಿಲ್ಲ."

"ಮತ್ಯಾಕೆ ಬಿಡ್ತಿದ್ದೀರಿ?"

"ಒಳ್ಳೇವರನ್ನ ಕಟ್ಟಿಹಾಕೋದು ಪಾಪ ಅಲ್ವಾ ಸಾರ್?"

ಅಕ್ಕ ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದಳು. "ನಿಮ್ಮ ನಾಲಿಗೇನ ನಾನು ತೊಳೀಬೇಕಾ ಮಾಸ್ಟ್ರೇ?"

ಹೇಗೋ ಊಟ ಮುಗಿಯಿತು. ಗಂಟೆ ಮೂರು. ಹೊರಡಬೇಕಾದರೆ ಯಜಮಾನರನ್ನು ಕೇಳಬೇಕು. ಕೇಳಬೇಕಾದರೆ ಒಂದು ಹೆಣ ಬೇಕು. ಮಾಸ್ಟ್ರು ತಮ್ಮ ಖಾಲಿ ಪುಟದ ಮುಂದೆ ಕೂತರು. ತಾಯಿಯ ಹೆಸರೆತ್ತಲು ನಾಲಿಗೆ ಏಳಲಿಲ್ಲ. ಹೆಂಡತಿಯ ಹೆಸರು ಬರೆಯಹೋಗಿ ಪೆನ್ನು ಕೆಳಗಿಟ್ಟರು.

"ಅತ್ತೆ ಇಲ್ವಾ?" ಎಂದಳು ಅಕ್ಕ, ಉಪ್ಪು ಇಲ್ಲವಾ ಎಂದು ಕೇಳುವಷ್ಟು ಸಲೀಸಾಗಿ.

ಅತ್ತೆ ಇದ್ದರು, ಮಾಸ್ಟ್ರ ಮನೆಯಲ್ಲೇ, ಗಟ್ಟಿಮುಟ್ಟಾಗಿ.

ಸುದ್ದಿ ಕೇಳಿ ಯಜಮಾನರು ಕುರ್ಚಿಯಿಂದ ಎದ್ದು ನಿಂತರು. ಬೇರೆ ಯಾರೇ ಕೊಂದಿದ್ದರೂ ಹುಬ್ಬು ಅಲುಗಿಸದ ಮನುಷ್ಯ ಮಾಸ್ಟ್ರ ಕೈ ಹಿಡಿದುಕೊಂಡರು. "ಹದಿನಾರು ವರ್ಷಕ್ಕೆ ಮೊದಲನೇ ಸಾವು! ಈ ಅಡುಗೆಮನೇಲಿ ನಿಜವಾಗ್ಲೂ ಸತ್ತೋರು ಅಂದ್ರೆ ನಿಮ್ಮ ಅತ್ತೆ ಒಬ್ಬರೇ. ಹೋಗಿ, ಹೋಗಿ!"

ಹೊಸ ಅಡುಗೆಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿಯ ಮೇಡಂ ಎದ್ದು ಕುರ್ಚಿ ಕೊಟ್ಟರು. "ಮಾಸ್ಟರ್, ನಿಮಗೆ ಆಳುಗಳ ತಲೆನೋವೇ ಇರಲ್ಲ. ಇವತ್ತೇ ಮೂರು ಜನ ಸಿಕ್ಕರು. ಅವರ ಹಳೇ ಜಾಗಕ್ಕೆ ನಮ್ಮ ಗುಮಾಸ್ತರು ಫೋನ್ ಮಾಡಿದ್ರೆ, ಆ ಮನುಷ್ಯ ಹೊಗಳಿದ್ದೇ ಹೊಗಳಿದ್ದು! ಗಡಿಯಾರ ಸರಿಮಾಡ್ಕೊಬಹುದಂತೆ."

ಒಳಬಾಗಿಲು ತೆರೆಯಿತು. ಮಲ್ಲಿಗೆಯಷ್ಟು ಬೆಳ್ಳಗಿನ ಟೋಪಿ ಹಾಕಿಕೊಂಡು ಈರುಳ್ಳಿ ನಿಂತಿದ್ದ. ಅವನ ಹಿಂದೆ ಆವಿ. ನಿಧಾನಪ್ಪ ಇನ್ನೂ ಟೋಪಿ ಹಾಕಿಕೊಳ್ಳುತ್ತಿದ್ದ.

"ಯೋಚನೆ ಮಾಡಿ ಹೇಳ್ತೀನಿ ಮೇಡಂ," ಎಂದು ಮಾಸ್ಟ್ರು ಎದ್ದೇಬಿಟ್ಟರು. ಹಳೆಯ ಗಂಡನ ಪಾದವೇ ಗತಿ ಎಂದುಕೊಂಡು ಮೆಟ್ಟಿಲಿಳಿಯುವಾಗ ಕಿಸೆಯ ಫೋನು ಅಲುಗಾಡಿತು. ಯಜಮಾನರು.

"ಮಾಸ್ಟ್ರೇ, ಹೂವು ತಗೊಂಡು ನಿಮ್ಮ ಮನೆಗೇ ಬಂದಿದ್ದೀನಿ. ನಿಮ್ಮ ಅತ್ತೆ ಬಾಗಿಲು ತೆಗೆದ್ರು. ಯಾರಿಗೆ ಹೂವು ಅಂತ ಕೇಳಿದ್ರು. ಹೇಳ್ಬಿಟ್ಟೆ. ನಾಳೆಯಿಂದ ನೀವು ಬರೋದು ಬೇಡ. ಇವತ್ತು ಮನೆಗೂ ಬೇಗ ಬರಬೇಡಿ, ನನ್ನ ಮಾತು ಕೇಳಿ. ಅವರ ಕೈಲಿ ಒನಕೆ ಇದೆ."

ಮಾಸ್ಟ್ರು ಇಳಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತಿದರು. ಮೇಡಂ ತೋರಿಸಿದ ಕಡೆ ರುಜು ಹಾಕಿದರು. ತಲೆ ಎತ್ತಿದರೆ ಎದುರಿನ ಹೊಸ ಗೋಡೆಯ ಮೇಲೆ ಬಣ್ಣದವನು ಏಣಿ ಹತ್ತಿ ಬರೆಯುತ್ತಿದ್ದ. ಅಕ್ಷರ ನೀಲಿ. 'ಮನೆಯಲ್ಲಿ ಸಾವಾದರೆ ಮಾತ್ರ' ಎನ್ನುವವರೆಗೆ ಆಗಿತ್ತು.

ಈರುಳ್ಳಿ ಮೆಲ್ಲಗೆ ಪಕ್ಕಕ್ಕೆ ಬಂದ. ಆಗಲೇ ಕಣ್ಣಲ್ಲಿ ನೀರು. "ಮಾಸ್ಟ್ರೇ, ನೀವೇ ಬಂದಿದ್ದು ನಮ್ಮ ಪುಣ್ಯ. ನಾಳೆ ಒಂದಿನ ರಜೆ ಬೇಕಿತ್ತು."

"ಯಾರೋ ಹೋಗಿದ್ದು?"

"ಇನ್ನೂ ಹೋಗಿಲ್ಲ ಮಾಸ್ಟ್ರೇ," ಎಂದು ಈರುಳ್ಳಿ ಮೂಗೊರೆಸಿಕೊಂಡ. "ನಾಳೆ ಬೆಳಗ್ಗೆ ಆರೂವರೆಗೆ ಹೋಗ್ತಾರೆ."