ಮೌಲ್ಯ ಮೇಷ್ಟ್ರ ರಿಮೋಟು

ಆಫೀಸಿನ ಪೆನ್ನು ಮನೆಗೆ ಹೇಗೆ ಹೋಗುತ್ತದೆ ಎಂಬುದರ ಮೇಲೆ ಇಪ್ಪತ್ತು ವರ್ಷ ಸಂಶೋಧನೆ ಮಾಡಿದ ಮನುಷ್ಯನ ಚೀಲದಲ್ಲೇ ಕಾಲೇಜಿನ ರಿಮೋಟು ಸಿಕ್ಕಿದರೆ ಅವನೇನು ಮಾಡಬೇಕು? ಮೌಲ್ಯ ಮೇಷ್ಟ್ರು ಮಾಡಿದ್ದು ಇಷ್ಟೇ. ಜಿಪ್ ಎಳೆದು ಚೀಲ ಮುಚ್ಚಿ, ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತು ಬೆವರಿದರು.

ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನೀತಿ ಪಾಠ ಮಾಡುವ ಅವರಿಗೆ ಆ ಹೆಸರಿಟ್ಟವರು ಹುಡುಗರು. ಪ್ರೀತಿಯೂ ಇತ್ತು, ಕೀಟಲೆಯೂ ಇತ್ತು. ಮನೆಯ ಕಾಗದಕ್ಕೆ ಸಹಿ ಹಾಕಬೇಕಾದರೆ ಕಾಲೇಜಿನ ಪೆನ್ನು ಕೆಳಗಿಟ್ಟು ಜೇಬಿನಿಂದ ಸ್ವಂತದ್ದನ್ನು ತೆಗೆಯುವ ಜಾತಿ ಅವರು. ನೂರಾರು ಕಚೇರಿಗಳಲ್ಲಿ ವಿಚಾರಿಸಿ ಅವರು ಕಂಡುಕೊಂಡ ದೊಡ್ಡ ಸತ್ಯವೆಂದರೆ, ಕದಿಯುವವನು ಯಾವತ್ತೂ ಕದಿಯುತ್ತೇನೆ ಅಂದುಕೊಳ್ಳುವುದಿಲ್ಲ. "ನಾಳೆ ವಾಪಸ್ ಇಟ್ಟರಾಯ್ತು" ಅಂದುಕೊಳ್ಳುತ್ತಾನೆ.

ಇವತ್ತು ಆ ಸಂಶೋಧನೆಗೆ ಫಲ ಸಿಗುವ ದಿನ. ಮೌಲ್ಯಾಧಾರಿತ ನಿರ್ವಹಣೆಗೆಂದೇ ಒಂದು ಅಧ್ಯಯನ ಕೇಂದ್ರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಹೊರಗಿನ ತಂಡ ಬರುತ್ತಿತ್ತು. "ಕೇಂದ್ರ ಬಂದ್ರೆ ಮುಖ್ಯಸ್ಥರು ನೀವೇ, ಇನ್ಯಾರು?" ಎಂದು ನಿರ್ದೇಶಕರು ಬೆನ್ನು ತಟ್ಟಿದ್ದರು. ಆ ಸಂಭ್ರಮದಲ್ಲಿ ಗಡಿಬಿಡಿಯಿಂದ ಹೊರಟ ಮೇಷ್ಟ್ರು ಕನ್ನಡಕವನ್ನೇ ಮರೆತು ಬಂದಿದ್ದರು. ಎದುರಿನ ಗೋಡೆ ಗಡಿಯಾರವೂ ಅವರ ಕಣ್ಣಿಗೆ ಬಿಳಿ ತಟ್ಟೆಯಂತೆ ಕಾಣುತ್ತಿತ್ತು.

ಅಷ್ಟರಲ್ಲೇ ಹೆಡ್‌ಕ್ಲಾರ್ಕಮ್ಮ ಬಾಗಿಲಲ್ಲಿ ನಿಂತು ಸಾರಿದ್ದರು: "ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ರಿಮೋಟು ಕಾಣ್ತಿಲ್ಲ! ಯಾರಾದ್ರೂ ತಗೊಂಡಿದ್ರೆ ಮರ್ಯಾದೆಯಿಂದ ಕೊಟ್ಬಿಡಿ!"

ಅದನ್ನು ಕೇಳಿಯೇ ಮೇಷ್ಟ್ರು ಚೀಲಕ್ಕೆ ಕೈಹಾಕಿದ್ದು. ನಿನ್ನೆ ಅಲ್ಲಿ ಪಾಠ ಮಾಡಿದವರು ತಾವೇ ತಾನೆ? ಕೈಗೆ ತಾಗಿತು, ಉದ್ದನೆಯದು, ಸಾಲುಸಾಲು ಗುಂಡಿಗಳದ್ದು. ಜೀವ ಬಾಯಿಗೆ ಬಂತು.

ಗುಟ್ಟಾಗಿ ಇಟ್ಟುಬಿಡೋಣ ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಾಲಿಗೆ ಹೋದರೆ, ಮಾರ್ಕೆಟಿಂಗ್ ಮೇಡಂ ಆಗಲೇ ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿದ್ದರು. "ಬನ್ನಿ ಸರ್, ನೀವು ಆ ಕಡೆ ನೋಡಿ, ನಾನು ಈ ಕಡೆ ನೋಡ್ತೀನಿ" ಎಂದವರು ಈ ಕಡೆ ಬಿಟ್ಟು ಮೇಷ್ಟ್ರ ಹಿಂದೆಯೇ ಸುತ್ತಿದರು. ಲೆಕ್ಕದ ಮೇಷ್ಟ್ರೂ ಬಂದು ಸೇರಿಕೊಂಡು ಕೇಳಿದರು:

"ಅಲ್ಲ ಸರ್, ನಿಮ್ಮ ಪ್ರಬಂಧದಲ್ಲೇ ಬರೆದಿದ್ದೀರಲ್ಲ, ಕದ್ದೋನೇ ಎಲ್ಲರಿಗಿಂತ ಜಾಸ್ತಿ ಹುಡುಕ್ತಾನೆ ಅಂತ?"

ಮೇಜಿನ ಕೆಳಗೆ ತಲೆ ತೂರಿಸಿದ್ದ ಮೌಲ್ಯ ಮೇಷ್ಟ್ರು ತಟ್ಟನೆ ಮೇಲೇಳಲು ಹೋದರು. ತಲೆ ಮೇಜಿಗೆ ಧಡ್ ಎಂದು ಬಡಿಯಿತು. "ಬರೆದಿದ್ದೆ ಅನ್ಸುತ್ತೆ" ಎಂದು ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದರು.

ಹೊರಗಿನ ಹೂಕುಂಡದಲ್ಲಿ ಗಂಟನ್ನು ತುರುಕಿ, ಆಮೇಲೆ ಯಾರಿಗಾದರೂ ಸಿಗಲಿ ಎಂದು ನಾಲ್ಕು ಹೆಜ್ಜೆ ಹಾಕಿದ್ದರೋ ಇಲ್ಲವೋ, ಮಾಲಿ ಏದುಸಿರು ಬಿಡುತ್ತಾ ಓಡಿಬಂದ. "ಸಾರ್, ಸಾರ್! ನಿಮ್ಮ ಕರವಸ್ತ್ರ ಬಿದ್ದೋಗಿತ್ತು. ಒಳಗೆ ಏನೋ ಗಟ್ಟಿ ಇದೆ, ನಾನು ಬಿಚ್ಚಿ ನೋಡಿಲ್ಲ ಸಾರ್. ನೀವೇ ಹೇಳಿದ್ರಲ್ಲ ಭಾಷಣದಲ್ಲಿ, ಬೇರೆಯವರದನ್ನ ಮುಟ್ಟಬಾರ್ದು ಅಂತ."

ತಮ್ಮ ಪಾಠ ಇಷ್ಟು ಚೆನ್ನಾಗಿ ನಾಟಿದ್ದಕ್ಕೆ ಮೇಷ್ಟ್ರಿಗೆ ಮೊದಲ ಬಾರಿ ಬೇಸರವಾಯಿತು.

ತಂಡ ಬಂದು ಹಾಲಿನಲ್ಲಿ ಕೂತಿತು. ಪ್ರೊಜೆಕ್ಟರ್ ಮಾತ್ರ ಮೇಲೆ ಕಣ್ಣುಮುಚ್ಚಿ ತೂಗುತ್ತಿತ್ತು. ಕೋಟು ತೊಟ್ಟ ನಿರ್ದೇಶಕರು ಅವಮಾನದಿಂದ ಕೆಂಪಾಗಿ, ಸೆಮಿನಾರ್ ಹಾಲ್ ನೋಡಿಕೊಳ್ಳುವ ಅಟೆಂಡರ್ ಮೇಲೆ ಹಾರಿಬಿದ್ದರು. "ಕೀಲಿ ಇರೋದು ನಿನ್ನ ಹತ್ರ. ಸಂಜೆಯೊಳಗೆ ರಿಮೋಟು ಬರಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ನನ್ನ ಮಕ್ಕಳಾಣೆ ಸರ್, ನಾನು ತಗೊಂಡಿಲ್ಲ" ಎಂದ ಅಟೆಂಡರ್.

ಮೌಲ್ಯ ಮೇಷ್ಟ್ರು ಅವನ ಮುಖ ನೋಡಿದರು. ಕೇಂದ್ರ ಹೋದರೆ ಹೋಗಲಿ, ಮುಖ್ಯಸ್ಥನ ಕುರ್ಚಿ ಹಾಳಾಗಿ ಹೋಗಲಿ, ಈ ಮನುಷ್ಯನ ಅನ್ನ ಹೋಗಬಾರದು. ಎದ್ದು ನಿಂತರು.

"ಅವನನ್ನ ಬಿಡಿ ಸರ್. ತಗೊಂಡು ಹೋಗಿದ್ದು ನಾನು." ಕರವಸ್ತ್ರ ಬಿಚ್ಚಿ ರಿಮೋಟನ್ನು ಎತ್ತಿ ತೋರಿಸಿದರು.

ಎಲ್ಲರೂ ಅವರತ್ತ ತಿರುಗಿದರು. ಆಮೇಲೆ ತಂಡದ ಅಧ್ಯಕ್ಷೆ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. "ಇಂಥವರಿರೋ ಕಾಲೇಜಿಗೆ ಕೇಂದ್ರ ಕೊಡದೆ ಇನ್ಯಾರಿಗೆ ಕೊಡೋದು? ಈ ರಿಮೋಟನ್ನ ಗಾಜಿನ ಪೆಟ್ಟಿಗೇಲಿ ಹಾಕಿ ಕೇಂದ್ರದ ಬಾಗಿಲಲ್ಲೇ ಇಡಿ. ಬಂದವರೆಲ್ಲ ನೋಡಲಿ."

ಕೆಲಸ ಉಳಿದ ಖುಷಿಯಲ್ಲಿ ಅಟೆಂಡರ್ ರಿಮೋಟನ್ನು ಸರಿಯಾಗಿ ನೋಡದೆಯೇ ಒತ್ತಿದ. ಪ್ರೊಜೆಕ್ಟರ್ ಹತ್ತಲಿಲ್ಲ. "ಸೆಲ್ಲು ಹೋಗಿರ್ಬೇಕು" ಎಂದು ಕಿಟಕಿಯ ಕೋಲು ತಂದು ಪ್ರೊಜೆಕ್ಟರಿನ ಗುಂಡಿಯನ್ನೇ ತಿವಿದ. ಹತ್ತಿತು. ಬೆಳಗಿನಿಂದ ಅಷ್ಟು ಜನ ಮ್ಯಾನೇಜ್‌ಮೆಂಟ್ ಪಂಡಿತರಿಗೆ ಆ ಕೋಲು ಹೊಳೆದಿರಲಿಲ್ಲ. ಎಲ್ಲರೂ ಕಳ್ಳನನ್ನು ಹುಡುಕುವುದರಲ್ಲಿ ಮುಳುಗಿದ್ದರು.

ಆ ಹೊತ್ತಿಗೆ ಮೇಷ್ಟ್ರ ಫೋನು ಗುಂಯ್‌ಗುಟ್ಟಿತು. ಮನೆಯಿಂದ ಅತ್ತೆ.

"ಅಳಿಯಂದ್ರೇ, ಟಿವಿ ರಿಮೋಟು ಎಲ್ಲಿಟ್ರಿ? ಬೆಳಗ್ಗೆಯಿಂದ ಹುಡುಕಿ ಹುಡುಕಿ ಸಾಕಾಯ್ತು. ಅದಿರೋ ಜಾಗದಲ್ಲಿ ನಿಮ್ಮ ಕನ್ನಡಕದ ಡಬ್ಬಿ ಕೂತಿದೆ!"

ಮೇಷ್ಟ್ರಿಗೆ ನಿಂತ ನೆಲ ತಿರುಗಿದಂತಾಯಿತು. "ಒಂದ್ನಿಮಿಷ, ಒಂದ್ನಿಮಿಷ! ನಾನು ಕದ್ದಿಲ್ಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷೆ ಮಾತು ಮುಂದುವರಿಸಿದ್ದರು.

"ಆದ್ರೆ ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ಮುಖ್ಯಸ್ಥರು ಮಾತ್ರ ಕಾಲೇಜಿನ ಸಾಮಾನು ಮನೆಗೆ ಒಯ್ಯದೇ ಇರೋರು ಆಗ್ಬೇಕು. ನಿರ್ದೇಶಕರೇ ಇರ್ಲಿ."

ನಿರ್ದೇಶಕರು ಗದ್ಗದಿತರಾಗಿ ಬಂದು ಮೇಷ್ಟ್ರನ್ನು ಬಿಗಿಯಾಗಿ ಅಪ್ಪಿಕೊಂಡರು. ಅವರ ಕೋಟಿನ ಒಳಜೇಬಿನಿಂದ ಏನೋ ಗಟ್ಟಿಯಾಗಿ ಮೇಷ್ಟ್ರ ಪಕ್ಕೆಗೆ ಚುಚ್ಚಿತು. ಉದ್ದನೆಯದು, ಸಾಲುಸಾಲು ಗುಂಡಿಗಳದ್ದು. ಅಪ್ಪಿಕೊಂಡಿದ್ದ ಇಬ್ಬರೂ ಹಾಗೆಯೇ ಕಲ್ಲಾದರು.

"ಅಯ್ಯೋ ದೇವರೇ" ಎಂದು ನಿರ್ದೇಶಕರು ಅವರ ಕಿವಿಯಲ್ಲಿ ಪಿಸುಗುಟ್ಟಿದರು. "ನಿನ್ನೆ ಸಂಜೆ ಇಲ್ಲೇ ಭಾಷಣ ಅಭ್ಯಾಸ ಮಾಡಿದ್ದೆ. ಇದೇ ಕೋಟು."

"ಹಾಗಾದ್ರೆ ಹೇಳಿಬಿಡೋಣ ಸರ್."

"ನೀವು ಒಪ್ಕೊಂಡಾಗಿದೆಯಲ್ಲ ಮೇಷ್ಟ್ರೇ. ಕೇಂದ್ರಾನೂ ಬಂತು. ಒಂದು ರಿಮೋಟಿಗೆ ಇಬ್ಬರು ಕಳ್ಳರು ಯಾಕೆ?" ಎಂದು ಅವರು ಮೆಲ್ಲಗೆ ಆ ರಿಮೋಟನ್ನು ಮೇಷ್ಟ್ರ ಜೇಬಿಗೆ ಜಾರಿಸಿ, ಎಲ್ಲರೆದುರು ಇನ್ನೊಮ್ಮೆ ಬೆನ್ನು ತಟ್ಟಿದರು. ಫೋಟೋಗ್ರಾಫರ್ ಅದನ್ನೇ ಹಿಡಿದುಕೊಂಡ.

ಮತ್ತೆ ಬಾಯಿ ತೆರೆಯೋಣವೆಂದರೆ ಎದುರಿಗೆ ಅಟೆಂಡರ್ ಕೈಮುಗಿದು ನಿಂತಿದ್ದ. ಮಾತು ತಿರುಗಿಸಿದರೆ ತಪ್ಪು ಮತ್ತೆ ಅವನ ತಲೆಗೇ ಬಂದೀತೆಂದು ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

ಸಂಜೆ ಮನೆ ಬಾಗಿಲಲ್ಲೇ ಅತ್ತೆ ಕಾದಿದ್ದರು. "ಸಿಕ್ತಾ?" ಎಂದವರೇ ಅಳಿಯನ ಜೇಬಿನಿಂದ ಇಣುಕುತ್ತಿದ್ದುದನ್ನು ಕಸಿದುಕೊಂಡು ಟಿವಿಯತ್ತ ಒತ್ತಿದರು. ಒತ್ತಿದರು, ಕುಟ್ಟಿದರು, ಮತ್ತೆ ಒತ್ತಿದರು.

"ಇದು ನಮ್ದಲ್ಲವಲ್ಲ! ಯಾರದನ್ನ ಎತ್ಕೊಂಡು ಬಂದ್ರಿ?"

ಮೇಷ್ಟ್ರು ಡಬ್ಬಿ ತೆರೆದು ಕನ್ನಡಕ ಹಾಕಿಕೊಂಡರು. ರಿಮೋಟಿನ ಬೆನ್ನ ಮೇಲೆ ಕಾಲೇಜಿನ ಹೆಸರು ಅಚ್ಚಾಗಿತ್ತು. ಬೆಳಗ್ಗೆಯಿಂದ ಮೊದಲ ಬಾರಿಗೆ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಧೊಪ್ಪೆಂದು ಸೋಫಾದಲ್ಲಿ ಕುಸಿದರು.

"ಬಿಡಿ ಅತ್ತೆ," ಎಂದರು, "ನಾಳೆ ವಾಪಸ್ ಇಟ್ಟರಾಯ್ತು."