ಪೆಟ್ಟು ತಿಂದು ಗಟ್ಟಿಯಾದ ಹಿತ್ತಾಳೆ

ಈ ಮೂರು ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ನನ್ನ ಸೋದರಮಾವ. ತರೀಕೆರೆಯಲ್ಲಿ ಕಂಚು, ಹಿತ್ತಾಳೆ ಕೆಲಸ ಮಾಡುತ್ತಿದ್ದರು. ನನಗೆ ಕಸುಬು ಕಲಿಸಿದವರೂ ಅವರೇ. ಉಳಿದ ಎರಡು ಅಜ್ಜಂಪುರದ ನನ್ನ ಅಂಗಡಿಯಲ್ಲೇ ನಡೆದವು. ಕುಲುಮೆ ಇದ್ದ ಕಡೆ ಇಂಥವು ಆಗುತ್ತಲೇ ಇರುತ್ತವೆ. ಮನೆಯಾಕೆ ಶಿವನ ಪಾದ ಸೇರಿದ ಮೇಲೆ, ಮಕ್ಕಳೂ ಇಲ್ಲದ ನನಗೆ ಮಾತಿಗೆ ಸಿಗುತ್ತಿದ್ದವರು ಗಿರಾಕಿಗಳು ಮಾತ್ರ. ಸ್ಟೀಲು ಪಾತ್ರೆ ಬಂದ ಮೇಲೆ ಅವರೂ ಅಪರೂಪವಾದರು. ಯಾರಾದರೂ ಬಂದರೆ, ಬೇಗ ಹೋಗದಿರಲಿ ಎಂದು ಮನಸ್ಸಿನಲ್ಲೇ ಈಶ್ವರನನ್ನು ಬೇಡಿಕೊಳ್ಳುತ್ತಿದ್ದೆ.

ಬೆಂಕಿಗೆ ಬಿದ್ದ ಜಾಗಟೆ

ಕಡೂರು ಕಡೆಯ ಪೂಜಾರಪ್ಪನೊಬ್ಬರು ಗುಡಿಯ ಹಿತ್ತಾಳೆ ಜಾಗಟೆಯ ಎಣ್ಣೆಜಿಡ್ಡು ಹೋಗಲೆಂದು ಅದನ್ನು ಕೆಂಡದಲ್ಲಿಟ್ಟು, ಕೆಂಪಗಾದ ಮೇಲೆ ನೀರಿಗೆ ಅದ್ದಿದರಂತೆ. ಮಂಗಳಾರತಿಗೆ ಬಾರಿಸಿದರೆ, ಹಲಗೆ ತಟ್ಟಿದ ಹಾಗೆ ‘ದಬ್’. ಮಾವನ ಹತ್ತಿರ ಓಡಿ ಬಂದರು.

“ಮಚ್ಚನ್ನ ಹಿಂಗೇ ಕಾಸಿ ಅದ್ದಿದ್ರೆ ಗಟ್ಟಿಯಾಗುತ್ತಲ್ರೀ, ಇದ್ಯಾಕೆ ಕೆಟ್ಟೋಯ್ತು?”

“ಅದು ಕಬ್ಬಿಣದ ಗುಣ ಸ್ವಾಮಿ. ಹಿತ್ತಾಳೆ ಕಾಸಿದ್ರೆ ಮೆತ್ತಗಾಗ್ತದೆ, ತಣ್ಣಗಿದ್ದಾಗ ಬಡಿದ್ರೇನೇ ಗಟ್ಟಿ” ಎಂದು ಮಾವ ಸುತ್ತಿಗೆ ಹಿಡಿದು ಜಾಗಟೆಯ ಮೈತುಂಬ ಬಡಿದರು. ದನಿ ಮರಳಿತು.

“ನಾನೂ ವರ್ಷವೆಲ್ಲಾ ಬಡೀತಾನೇ ಇದ್ದೀನಲ್ರೀ!”

“ನಿಮ್ಮದು ಭಕ್ತಿ ಪೆಟ್ಟು. ಅದಕ್ಕೆ ದೇವರು ಏಳ್ತಾನೆ, ಹಿತ್ತಾಳೆ ಏಳಲ್ಲ.”

ಒಪ್ಪಿಗೆ ಕೊಟ್ಟ ಹಸು

ಊರಾಚೆಯ ಹುಲ್ಲುಗಾವಲು, ಅದೇ ಕಾವಲಿನ ದನಗಾಹಿಯೊಬ್ಬ ಗಂಟೆ ಕೊಳ್ಳಲು ಹಸುವನ್ನೇ ಹೊಡೆದುಕೊಂಡು ಬಂದ.

“ಕಟ್ಕೊಳ್ಳೋದು ಅವಳು ಕಣ್ರೀ. ಅವಳನ್ನೇ ಕೇಳ್ಬೇಕು.”

ಅಂಗಡಿಯಲ್ಲಿದ್ದ ಗಂಟೆಯೊಂದನ್ನು ಅಲ್ಲಾಡಿಸಿದೆ. ಹಸು ಮುಖ ತಿರುಗಿಸಿತು.

“ದನಿ ಮಂಕು. ತವರ ಇನ್ನೂ ಸುರೀರಿ.”

“ಹಾಕಿದ್ರೆ ಗಟ್ಟಿ, ವಿಪರೀತ ಹಾಕಿದ್ರೆ ಕಲ್ಲಿಗೆ ತಗುಲಿ ಸೀಳ್ತದೆ ಕಣಪ್ಪಾ.”

ಅಚ್ಚು ಸಿದ್ಧವಿತ್ತು. ತಾಮ್ರಕ್ಕೆ ಹದವಾಗಿ ತವರ ಬೆರೆಸಿ ಎರಕ ಹೊಯ್ದೆ. ಆರುವ ತನಕ ಅವನು ಕೂತು, ಹೆಂಡತಿ ತವರಿಗೆ ಹೋದದ್ದರಿಂದ ಹಿಡಿದು ಎಲ್ಲ ಹೇಳಿದ. ನನಗೆ ಅದೇ ಹಬ್ಬ. ಹೊಸ ಗಂಟೆ ಅಲ್ಲಾಡಿಸಿದಾಗ ಹಸು ಕತ್ತು ಚಾಚಿ, ನಾನು ಪೂಜೆಗೆಂದು ತಂದಿಟ್ಟಿದ್ದ ಬಿಲ್ವಪತ್ರೆಯನ್ನೆಲ್ಲ ಮೇದುಬಿಟ್ಟಿತು.

“ಒಪ್ಪಿದ್ಲು ಕಣ್ರೀ! ನೀವು ತಾಂಬೂಲ ಇಟ್ಟಿದ್ದು ಒಳ್ಳೇದೇ ಆಯ್ತು!”

ಆ ಗಂಟೆಯ ದನಿ ಕಾವಲಿನ ಕಡೆ ಕರಗುವ ತನಕ ಬಾಗಿಲಲ್ಲೇ ನಿಂತಿದ್ದೆ.

ದೂರು ತಂದ ಅಜ್ಜಿ

ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ಆಗಾಗ ನಗ್ಗಿದ ಬಿಂದಿಗೆ ಹೊತ್ತು ಬಂದು, ಅರ್ಧ ದಿನ ಕೂತು ಹರಟುತ್ತಿದ್ದಳು. ಒಮ್ಮೆ ಆ ಬಿಂದಿಗೆಯನ್ನು ಮನಸ್ಸಿಟ್ಟು ಸರಿಮಾಡಿದೆ. ಒಂದೇ ಸಮ ಬಡಿದರೆ ಹಿತ್ತಾಳೆ ಬಿರುಕು ಬಿಡುತ್ತದೆ. ಅದಕ್ಕೆ ನಡುನಡುವೆ ಕಾಸಿ ಮೆತ್ತಗೆ ಮಾಡಿ, ಕೊನೆಯಲ್ಲಿ ತಣ್ಣಗೆ ಬಡಿದು ಬಿಗಿಗೊಳಿಸಿದೆ. ಆಮೇಲೆ ಅಜ್ಜಿಯ ಸುಳಿವೇ ಇಲ್ಲ. ಮುಂದಿನ ಸಂತೆಗೂ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಗಿರಾಕಿ ಮತ್ತೆ ಬಾರದ ಹಾಗೆ ಕೆಲಸ ಮಾಡಿದ ದಡ್ಡ ನಾನೊಬ್ಬನೇ ಇರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು, ಬರಿಗೈಯಲ್ಲಿ.

“ಎಂಥಾ ಬಿಂದಿಗೆ ಮಾಡ್ಕೊಟ್ಟೆಯಪ್ಪಾ?”

“ನಗ್ಗಿತೇನಜ್ಜಿ?” ನನ್ನ ದನಿಯಲ್ಲಿ ಸಂತೋಷವೇ ಇತ್ತು.

“ಅದೆಲ್ಲಿ ನಗ್ಗುತ್ತೆ! ಸೊಸೆ ಕೈ ಜಾರಿ ಬಿತ್ತು. ಬಚ್ಚಲ ಹಾಸುಗಲ್ಲೇ ಎರಡು ತುಂಡು!”

“ಕಲ್ಲಿನ ಕೆಲಸ ನನಗೆ ಬರಲ್ಲಜ್ಜಿ.”

“ಬರದಿದ್ರೆ ಹೋಗ್ಲಿ, ಬಂದು ನೋಡಾದ್ರೂ ನೋಡು. ನಗ್ಗದ ಬಿಂದಿಗೆ ಕೊಟ್ಟು ನಾನಿಲ್ಲಿಗೆ ಬರೋ ದಾರೀನೇ ಮುಚ್ಚಿದೆಯಲ್ಲೋ. ನಾಲ್ಕು ಮಾತಾಡಕ್ಕೆ ನಂಗೂ ಯಾರಿದ್ದಾರೆ?”

“ಸೊಸೆ ಇದಾಳಲ್ಲಜ್ಜಿ?”

“ಅವಳ ಹತ್ರ ಮಾತಾಡಿದ್ದಕ್ಕೇ ಕಣೋ ಬಿಂದಿಗೆ ಜಾರಿದ್ದು, ನನ್ನ ಕಡೆಗೆ!”

ಅಂಗಡಿ ಬಾಗಿಲು ಎಳೆದುಕೊಂಡು ಅಜ್ಜಿಯ ಹಿಂದೆ ನಡೆದೆ. ದಾರಿಯುದ್ದಕ್ಕೂ ಇಬ್ಬರೂ ಬಾಯಿ ಮುಚ್ಚಲಿಲ್ಲ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಒಬ್ಬರೇ ಕೂತಿರುವವರು ಯಾರಾದರೂ ಕಂಡರೆ ಮೊದಲು ಅವರಿಗೆ, ಪಕ್ಕದಲ್ಲಿ ಕೂತು.